ಕಲ್ಲಿನ ಗೆರೆ, ನೀರಿನ ಗೆರೆ

ಜೀವನಿಗೆ ಮನಸ್ಸು ದೊರೆಯುವುದು ಸುಲಭವಲ್ಲವೆಂದು ಜಿನಾಗಮವು ಹೇಳುತ್ತದೆ. ಏಕೇಂದ್ರಿಯದಿಂದ ಚತುರಿಂದ್ರಿಯದವರೆಗಿನ ಜೀವಗಳು ಮನಸ್ಸಿಲ್ಲದವು. ಪಂಚೇಂದ್ರಿಯ ಜೀವಗಳಲ್ಲಿಯೂ ಸಂಜ್ಞಿಗಳೆನಿಸಿದವು ಮಾತ್ರ ಮನಸ್ಸುಳ್ಳವು. ಸಂಜ್ಞಿ ಜೀವದ ಲಕ್ಷಣವೇನು? ಹಿತಾಹಿತಗಳನ್ನು ವಿವೇಚಿಸುವುದು, ಕಲಿಸಿದ್ದನ್ನು ಕಲಿಯುವುದು, ಉಪದೇಶವನ್ನು ಗ್ರಹಿಸುವುದು. ಅಂದರೆ ಕಲಿಯುವ ಸಾಮರ್ಥ್ಯವೇ ಮನಸ್ಸಿನ ಗುರುತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ನಾನು ಈ ಮಾತನ್ನು ಅನೇಕ ಬಾರಿ ಸ್ವಾಧ್ಯಾಯದಲ್ಲಿ ಓದಿದ್ದೇನೆ. ಅದರ ಅರ್ಥವಾದದ್ದು ಮಾತ್ರ ಬಹಳ ತಡವಾಗಿ.

ತೊಂಬತ್ತರ ದಶಕದ ಮಾತು. ಪಾವಗಡದ ಕಡೆಯ ಒಂದು ಪ್ರೌಢಶಾಲೆ. ಕಡಲೆಕಾಯಿ ಕೀಳುವ ಕಾಲ. ಹೊಲದ ಕೆಲಸ ಮುಗಿಸಿ ತಡವಾಗಿ ಬಂದ ಹುಡುಗನೊಬ್ಬನನ್ನು ನಿಲ್ಲಿಸಿ, ಮೆದುಳಿನ ಮುಖ್ಯ ಭಾಗಗಳನ್ನು ಹೇಳೆಂದೆ. ಹಿಂದಿನ ದಿನ ಹುಣಿಸೆಮರದ ಕೆಳಗೆ ಗೆಳೆಯರಿಗೆ ಅದನ್ನೇ ತಪ್ಪಿಲ್ಲದೆ ಒಪ್ಪಿಸಿದ್ದವನು ನನ್ನ ಮುಂದೆ ಬಾಯಿ ಬಿಡಲಿಲ್ಲ. ಕೈಯಲ್ಲಿದ್ದ ಬೆತ್ತ ಅವನ ಅಂಗೈಯ ಮೇಲೆ ನಾಲ್ಕು ಬಾರಿ ಬಿತ್ತು. “ನಿನ್ನ ತಲೆಯಲ್ಲಿ ಮೆದುಳೇ ಇಲ್ಲ” ಎಂದೆ. ತರಗತಿಯೆಲ್ಲ ನಕ್ಕಿತು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ನಾನು ಅದನ್ನು ಮರೆತೆ.

ತಲೆಯೊಳಗಿನ ವ್ಯವಸ್ಥೆ

ಆ ದಿನ ಆ ಬಾಲಕನ ತಲೆಯೊಳಗೆ ನಡೆದದ್ದೇನೆಂಬುದನ್ನು ಇಂದಿನ ವಿಜ್ಞಾನವು ಸಾಕಷ್ಟು ಸ್ಪಷ್ಟವಾಗಿ ಹೇಳಬಲ್ಲದು. ವಯಸ್ಕ ಮಾನವನ ಮೆದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ದೇಹದ ತೂಕದಲ್ಲಿ ಇದು ಶೇಕಡ 2ರಷ್ಟು ಮಾತ್ರ, ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇಕಡ 20ರಷ್ಟನ್ನು ಇದು ಬಳಸುತ್ತದೆ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳು ವಸ್ತುಸಂಗ್ರಹಾಲಯದಲ್ಲಿ ಮಾನವ ಮೆದುಳನ್ನು ಸಾಮಾನ್ಯ ಜನರೂ ಹತ್ತಿರದಿಂದ ಕಾಣಬಹುದು. ಕ್ರೋಧ, ಭಯ, ವಾತ್ಸಲ್ಯಗಳಿಗೆಲ್ಲ ಆಸರೆಯಾಗಿದ್ದ ವಸ್ತು ಇಷ್ಟೇ ಎಂದು ಅರಿತಾಗ ಮನಸ್ಸು ಮೌನವಾಗುತ್ತದೆ.

ಮೆದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಒಂದು ಜೋಡಿ ಅಂಗವಿದೆ. ಅದು ಅಮಿಗ್ಡಾಲ. ಅಪಾಯದ ಸುಳಿವನ್ನು ಹಿಡಿದು ಕ್ಷಣಾರ್ಧದಲ್ಲಿ ದೇಹವನ್ನು ಎಚ್ಚರಿಸುವುದು ಇದರ ಮುಖ್ಯ ಕಾರ್ಯ. ಎದೆ ಬಡಿತ ಏರುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಇದರ ಪರಿಣಾಮ. ಅದರ ಪಕ್ಕದಲ್ಲಿಯೇ ಕಡಲಕುದುರೆಯನ್ನು ಹೋಲುವ ಹಿಪ್ಪೊಕ್ಯಾಂಪಸ್ ಇದೆ. ಹೊಸ ಅನುಭವಗಳು ನೆನಪಾಗಿ ನೆಲೆಗೊಳ್ಳಲು ಇದು ಬೇಕು. ಹಣೆಯ ಹಿಂದಿರುವ ಮುಮ್ಮೆದುಳಿನ ಮುಂಭಾಗವು ತೂಗಿ ನೋಡಿ, ಆವೇಗವನ್ನು ತಡೆದು, ಮಾಡಬೇಕಾದದ್ದನ್ನು ನಿರ್ಧರಿಸಲು ನೆರವಾಗುತ್ತದೆ. ಇದು ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯದ ನಡುಭಾಗದಲ್ಲಿ.

ಭಯವುಂಟಾದಾಗ ಕಾರ್ಟಿಸಾಲ್ ಮೊದಲಾದ ಸ್ರಾವಗಳು ರಕ್ತಕ್ಕೆ ಸೇರುತ್ತವೆ. ಆ ಹೊತ್ತಿನಲ್ಲಿ ಕಲಿತದ್ದು ಅಳಿಸಿಹೋಗುವುದಿಲ್ಲ, ಆದರೆ ಹೊರಗೆ ಬರಲು ದಾರಿ ಸಿಗದಂತಾಗುತ್ತದೆ. ಆ ಹುಡುಗನಿಗೆ ಉತ್ತರ ಗೊತ್ತಿತ್ತು. ಅದರ ಬಾಗಿಲನ್ನು ಮುಚ್ಚಿದ್ದು ನನ್ನ ಬೆತ್ತ.

ಮನಸ್ಸು ಮರೆತರೂ

ನೆನಪಿನ ವಿಷಯದಲ್ಲಿ ವಿಜ್ಞಾನಕ್ಕೆ ದೊಡ್ಡ ಪಾಠ ಕಲಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ತೀವ್ರ ಅಪಸ್ಮಾರದಿಂದ ಬಳಲುತ್ತಿದ್ದ ಅವರಿಗೆ 1953ರಲ್ಲಿ, 27ನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸ ಸಂಗತಿಗಳು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರವನ್ನು ಗೆರೆ ತಪ್ಪದೆ ತಿದ್ದುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕೊಟ್ಟಾಗ, ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದೆ ಮಾಡಿದ್ದೆನೆಂಬ ನೆನಪಿಲ್ಲ, ಮಾಡಿದ್ದರ ಫಲ ಮಾತ್ರ ಉಳಿದಿದೆ!

ಅದಕ್ಕೂ ಮೊದಲು, 1911ರಲ್ಲಿ, ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇಡ್ ಇನ್ನೊಂದು ಸಂಗತಿಯನ್ನು ಬರೆದಿದ್ದರು. ನೆನಪಿನ ಶಕ್ತಿ ಕಳೆದುಕೊಂಡ ಮಹಿಳೆಯೊಬ್ಬರ ಕೈ ಕುಲುಕುವಾಗ ಅವರು ಬೆರಳ ನಡುವೆ ಸೂಜಿಯನ್ನಿಟ್ಟು ಚುಚ್ಚಿದರು. ಬಳಿಕ ಆಕೆಗೆ ಆ ಘಟನೆ ನೆನಪಿರಲಿಲ್ಲ. ಆದರೂ ವೈದ್ಯರು ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದೆಗೆದುಕೊಂಡಳು.

ಕೆಲವು ವರ್ಷಗಳ ಹಿಂದೆ ಶಿರಾದಲ್ಲಿ ನೀರೆತ್ತುವ ಮೋಟಾರಿನ ದುರಸ್ತಿಗಾಗಿ ಅಂಗಡಿಯೊಂದಕ್ಕೆ ಹೋದೆ. ಶಬ್ದ ಕೇಳಿಯೇ ದೋಷವೆಲ್ಲಿದೆ ಎಂದು ಹೇಳುವ ಕುಶಲಿ ಅಲ್ಲಿದ್ದ. ನನ್ನನ್ನು ಕಂಡೊಡನೆ ಎದ್ದು ಕೈಮುಗಿದು, “ಮೇಷ್ಟ್ರೇ, ನಾನು ನಿಮ್ಮ ಶಿಷ್ಯ” ಎಂದ. ಅದೇ ಹುಡುಗ. ಆ ದಿನ ನಾನು ಏನು ಕೇಳಿದೆನೆಂಬುದು ಅವನಿಗೆ ನೆನಪಿರಲಿಲ್ಲ. “ಯಾವುದೋ ಪ್ರಶ್ನೆ, ಬಿಡಿ ಮೇಷ್ಟ್ರೇ” ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ: “ಈಗಲೂ ನಾಲ್ಕು ಜನರ ಮುಂದೆ ಎದ್ದು ನಿಂತರೆ ನಾಲಿಗೆ ಒಣಗುತ್ತದೆ. ಮಗಳ ಶಾಲೆಯ ಸಭೆಗೆ ಹೆಂಡತಿಯನ್ನೇ ಕಳಿಸುತ್ತೇನೆ.” ನಾನು ಮರೆತಿದ್ದೆ, ಪ್ರಶ್ನೆಯನ್ನು ಅವನೂ ಮರೆತಿದ್ದ. ಭಯ ಮಾತ್ರ ಮರೆತಿರಲಿಲ್ಲ.

ಯಾರಿಗೆ ಜ್ಞಾನಾವರಣ?

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳನ್ನು ಹೇಳಿದ್ದಾರೆ. ದೂರದಿಂದ ನಾದ ಕಿವಿಗೆ ಬಿದ್ದುದು ಅವಗ್ರಹ. ಅದು ಬಸದಿಯ ಗಂಟೆಯೋ ಶಾಲೆಯ ಗಂಟೆಯೋ ಎಂದು ತಿಳಿಯಲೆಳಸುವುದು ಈಹಾ. ಶಾಲೆಯದೇ ಎಂದು ನಿಶ್ಚಯವಾದುದು ಅವಾಯ. ಕಾಲಾಂತರದಲ್ಲಿಯೂ ಮರೆಯದಂತೆ ನಿಲ್ಲುವುದು ಧಾರಣೆ. ಈ ಧಾರಣೆಯೇ ಸ್ಮೃತಿಗೆ ಕಾರಣ. ಇದಕ್ಕೆ ಅಡ್ಡವಾಗುವುದು ಜ್ಞಾನಾವರಣೀಯ ಕರ್ಮ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ನಮ್ಮ ಆಚಾರ್ಯರು ನರಕೋಶಗಳನ್ನು ಅಂದೇ ಕಂಡಿದ್ದರೆಂದು ಹೇಳಿದರೆ ಅದು ಭಕ್ತಿಯಾಗದು, ಸತ್ಯಾಣುವ್ರತಕ್ಕೆ ದೋಷವಾದೀತು. ದಿಗಂಬರ ಪರಂಪರೆಯಲ್ಲಿ ದ್ರವ್ಯಮನಸ್ಸನ್ನು ಹೃದಯಸ್ಥಾನದಲ್ಲಿರುವ ಎಂಟು ದಳಗಳ ಕಮಲದ ಆಕಾರವೆಂದು ಬಣ್ಣಿಸಿದೆ. ವಿಜ್ಞಾನವು ತಲೆಯ ಕಡೆಗೆ ಬೆರಳು ತೋರುತ್ತದೆ. ಎರಡನ್ನೂ ಬಲವಂತವಾಗಿ ಒಂದು ಮಾಡಬೇಕಿಲ್ಲ. ಆದರೆ ದ್ರವ್ಯಮನಸ್ಸು ಪುದ್ಗಲದಿಂದಾದುದು, ಅಂದರೆ ಜಡ. ಅರಿಯುವ ಉಪಯೋಗವು ಜೀವನ ಲಕ್ಷಣ ಎಂಬ ವಿಭಾಗ ನಮ್ಮಲ್ಲಿ ಸ್ಪಷ್ಟವಾಗಿದೆ. ಪುದ್ಗಲವು ಕೆಟ್ಟಾಗ ಅರಿವಿನ ವ್ಯಾಪಾರ ಕುಂಠಿತವಾಗುವುದನ್ನು ಜೈನದರ್ಶನ ಅಲ್ಲಗಳೆಯುವುದಿಲ್ಲ. ಕನ್ನಡಕ ಒಡೆದವನಿಗೆ ಅಕ್ಷರ ಕಾಣದು, ಓದುವವನು ಮಾತ್ರ ಅಲ್ಲಿಯೇ ಇರುತ್ತಾನೆ.

ಆ ಕಾಲದಲ್ಲಿ ನಾನು, ಈ ಹುಡುಗನಿಗೆ ಜ್ಞಾನಾವರಣ ಕರ್ಮದ ಉದಯ ಗಾಢವಾಗಿದೆ ಎಂದು ತಿಳಿದಿದ್ದೆ. ಶಿರಾದಿಂದ ಮರಳಿದ ರಾತ್ರಿ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ತೆರೆದೆ. ಜ್ಞಾನಾವರಣದ ಆಸ್ರವಕ್ಕೆ ಕಾರಣಗಳೆಂದು ಹೇಳಿರುವ ಆರರಲ್ಲಿ ಮಾತ್ಸರ್ಯವಿದೆ, ಅಂತರಾಯವಿದೆ. ಇನ್ನೊಬ್ಬರ ಜ್ಞಾನಸಾಧನೆಗೆ ವಿಘ್ನ ಮಾಡುವುದೇ ಅಂತರಾಯ. ಆ ದಿನ ಕರ್ಮವನ್ನು ಕಟ್ಟಿಕೊಂಡವನು ಬೆಂಚಿನ ಮೇಲೆ ನಿಂತಿದ್ದವನಲ್ಲ, ಬೆತ್ತ ಹಿಡಿದಿದ್ದವನು. ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಸೂಕ್ಷ್ಮಜೀವಿಗಳಿಗೆ ನೋವಾದೀತೆಂದು ನೀರನ್ನು ಸೋಸಿ ಕುಡಿಯುತ್ತಿದ್ದ ಕೈಯೇ ಸಂಜ್ಞಿ ಪಂಚೇಂದ್ರಿಯ ಜೀವವೊಂದನ್ನು ಹೊಡೆದಿತ್ತು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಶ್ರಾವಕನಾದ ನನಗೆ ಆ ಕಾಯ್ದೆಗಾಗಿ ಕಾಯುವ ಅಗತ್ಯವಿರಲಿಲ್ಲ.

ನಾಲ್ಕು ಗೆರೆಗಳು

ಕ್ರೋಧದ ತೀವ್ರತೆಯನ್ನು ನಮ್ಮ ಆಚಾರ್ಯರು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಮೇಲಿನ ಬಿರುಕು, ನೆಲದ ಬಿರುಕು, ಮರಳಿನ ಗೆರೆ, ನೀರಿನ ಗೆರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಈ ಹೋಲಿಕೆಯಿದೆ. ಆ ಗ್ರಂಥಕ್ಕೆ ಕೇಶವವರ್ಣಿಯು 14ನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ವೃತ್ತಿಯನ್ನು ರಚಿಸಿದ್ದು ನಾಡಿನ ಹೆಮ್ಮೆ. ಕಷಾಯಗಳ ಸಂಸ್ಕಾರ ಉಳಿಯುವ ಅವಧಿಗೆ ವಾಸನಾಕಾಲವೆಂದು ಹೆಸರು. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅನಂತಾನುಬಂಧಿಯಾದರೋ ಭವಭವಾಂತರಗಳವರೆಗೆ ಹಿಂಬಾಲಿಸುತ್ತದೆ.

ಪುನಃಪುನಃ ಮಾಡಿದ ಕಾರ್ಯದಿಂದ ನರಕೋಶಗಳ ನಡುವಿನ ಸಂಧಿಗಳೇ ಬದಲಾಗುತ್ತವೆ ಎಂಬುದನ್ನು ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಕಡಲಿನ ಒಂದು ಮೃದ್ವಂಗಿಯಲ್ಲಿ ತೋರಿಸಿಕೊಟ್ಟು 2000ದಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಸಿಟ್ಟಾಗುವುದನ್ನು ರೂಢಿಸಿಕೊಂಡರೆ ಸಿಟ್ಟಿನ ದಾರಿ ಸವೆದು ಸುಗಮವಾಗುತ್ತದೆ. ತಡೆದುಕೊಳ್ಳುವುದನ್ನು ರೂಢಿಸಿಕೊಂಡರೆ ಆ ದಾರಿಯೂ ಹಾಗೆಯೇ. ಎರಡು ಘಳಿಗೆಯ, ಅಂದರೆ 48 ನಿಮಿಷಗಳ ಸಾಮಾಯಿಕವನ್ನು ನಿತ್ಯವೂ ಆಚರಿಸಬೇಕೆಂಬ ವಿಧಿಯನ್ನು ಈ ದೃಷ್ಟಿಯಿಂದಲೂ ನೋಡಬಹುದು. ಒಂದು ದಿನದ ಸಾಮಾಯಿಕದಿಂದ ಸ್ವಭಾವ ಬದಲಾಗದು. ಆದರೆ ಗೆರೆಯು ಕಲ್ಲಿನಿಂದ ನೆಲಕ್ಕೆ, ನೆಲದಿಂದ ಮರಳಿಗೆ, ಮರಳಿನಿಂದ ನೀರಿಗೆ ಇಳಿಯುವ ದಾರಿ ಅದೇ.

ಈ ಮಾತು ಶಾಲೆಗೆ ಮಾತ್ರ ಸೀಮಿತವಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಅದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳಿದಾಗ ನಾವು ಸಿಡುಕುತ್ತೇವೆ. ಮುಪ್ಪಿನ ಮರೆವನ್ನು ಅರಿಯಲೆಂದೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದೆ. ಮರೆವು ಹಟವಲ್ಲ, ಅದು ಕಾಯಿಲೆಯಿರಬಹುದು. ಆ ತಾಯಿಗೆ ನಮ್ಮ ಉತ್ತರ ನೆನಪಿರದು. ಆದರೆ ನಮ್ಮ ದನಿಯ ಕಠೋರತೆ ಎಲ್ಲಿಯೋ ಉಳಿಯುತ್ತದೆ.

ಶಿವಭೂತಿಯ ಪಾಠ

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸಿರುವ ಶಿವಭೂತಿ ಮುನಿಯ ವೃತ್ತಾಂತವನ್ನು ಪ್ರತಿಯೊಬ್ಬ ಶಿಕ್ಷಕನೂ ಕೇಳಬೇಕು. ಎಷ್ಟು ಕಲಿಸಿದರೂ ಅವರಿಗೆ ಪಾಠ ನಿಲ್ಲುತ್ತಿರಲಿಲ್ಲ. ಹೆಂಗಸೊಬ್ಬಳು ಉದ್ದಿನ ಬೇಳೆಯಿಂದ ಸಿಪ್ಪೆಯನ್ನು ಬೇರ್ಪಡಿಸುತ್ತಿದ್ದುದನ್ನು ಕಂಡು, ತುಷ ಬೇರೆ, ಮಾಷ ಬೇರೆ, ಹಾಗೆಯೇ ದೇಹ ಬೇರೆ, ಆತ್ಮ ಬೇರೆ ಎಂಬ ಭಾವ ಅವರಲ್ಲಿ ನೆಲೆಗೊಂಡಿತು. ಆ ಭಾವಶುದ್ಧಿಯಿಂದ ಅವರು ಕೇವಲಜ್ಞಾನವನ್ನು ಪಡೆದರು. ಅವರ ಗುರುಗಳು ನನ್ನಂತೆ ಬೆತ್ತ ಹಿಡಿದು ಹಂಗಿಸಿದ್ದರೆ? ಸಿಪ್ಪೆಯೂ ಕಾಳನ್ನು ಕಾಯುತ್ತದೆ. ಆದುದರಿಂದ ಮೆದುಳನ್ನು ನಿದ್ರೆ, ಮಿತಾಹಾರ, ನಿರ್ಭಯತೆಗಳಿಂದ ಪೋಷಿಸಬೇಕು, ಮಕ್ಕಳ ವಿಷಯದಲ್ಲಂತೂ ಅವಶ್ಯವಾಗಿ. ಆದರೆ ಸಿಪ್ಪೆಯನ್ನು ನೋಡಿ ಕಾಳಿಗೆ ಬೆಲೆ ಕಟ್ಟಬಾರದು.

ನಮ್ಮ ಸೀಮೆ ಈ ವಿವೇಕಕ್ಕೆ ಹೊಸದೇನಲ್ಲ. ಕುಂದಕುಂದರ ನಿಯಮಸಾರಕ್ಕೆ ಟೀಕೆ ಬರೆದ ಪದ್ಮಪ್ರಭ ಮಲಧಾರಿದೇವರು 1185ರಲ್ಲಿ ದೇಹತ್ಯಾಗ ಮಾಡಿದ್ದನ್ನು ತಿಳಿಸುವ ಶಾಸನವಿರುವುದು ಪಾವಗಡಕ್ಕೆ ಸಮೀಪದ ಮಡಕಶಿರಾ ಸೀಮೆಯ ಪಾತಶಿವರದಲ್ಲಿ. ಪರಮಾರ್ಥ ಪ್ರತಿಕ್ರಮಣಕ್ಕೆಂದೇ ಒಂದು ಅಧಿಕಾರವಿರುವ ಗ್ರಂಥ ಅದು. ಮಾಡಿದ ದೋಷವನ್ನು ನೆನೆದು ಹಿಂದಿರುಗುವುದೇ ಪ್ರತಿಕ್ರಮಣ. ಇಲ್ಲಿ ನೆನಪು ಹಗೆಯನ್ನು ಸಾಧಿಸುವುದಕ್ಕಲ್ಲ, ತನ್ನನ್ನು ತಿದ್ದಿಕೊಳ್ಳುವುದಕ್ಕೆ.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಮಧುಗಿರಿಯ ಮಲ್ಲಿನಾಥ ಸ್ವಾಮಿಯ ದರ್ಶನ ಮಾಡಿ, ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಬಸದಿಯಲ್ಲಿ ಪರಸ್ಪರ ಕ್ಷಮೆ ಕೇಳುವುದು ಸುಲಭ, ಅಲ್ಲಿರುವವರು ನಮ್ಮವರೇ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ತರಗತಿಯ ಮುಂದೆ ಮಾಡಿದ ತಪ್ಪಿಗೆ ಕ್ಷಮೆಯನ್ನೂ ನಾಲ್ವರ ಮುಂದೆಯೇ ಕೇಳಬೇಕೆಂದು ಕೈಮುಗಿದೆ. ಅವನು ಗಾಬರಿಯಿಂದ ನನ್ನ ಕೈಗಳನ್ನು ಹಿಡಿದುಕೊಂಡ. ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, “ಮುಂದಿನ ವಾರ ಮಗಳ ಶಾಲೆಯಲ್ಲಿ ಸಭೆಯಿದೆ, ಮೇಷ್ಟ್ರೇ. ನಾನೇ ಹೋಗುತ್ತೇನೆ” ಎಂದ.

ಅವನ ಭಯ ಅಂದೇ ಅಳಿಸಿಹೋಯಿತೆಂದು ನಾನು ಹೇಳಲಾರೆ. ಕಲ್ಲಿನ ಮೇಲೆ ಕೊರೆದ ಗೆರೆ ಒಂದು ದಿನದಲ್ಲಿ ಮಾಯುವುದಿಲ್ಲ. ಇನ್ನೊಂದು ಜೀವದ ಮೇಲೆ ಅಂಥ ಗೆರೆಯನ್ನು ಎಳೆಯದಿರುವುದು ಮಾತ್ರ ಇಂದೇ ನಮ್ಮ ಕೈಯಲ್ಲಿದೆ.