ತೆಲ್ಲಿಗರ ಅಯ್ವತ್ತೊಕ್ಕಲು

ಶಾಸನಗಳನ್ನು ಪಾಠ ಹೇಳುವೆಡೆಗಳಲ್ಲಿ ‘ಒಕ್ಕಲು’ ಎಂಬ ಶಬ್ದಕ್ಕೆ ಗೇಣಿದಾರನೆಂಬ ಈಚಿನ ಅರ್ಥವನ್ನೇ ಹೇಳಿ ಮುಂದೆ ಸಾಗುವುದುಂಟು. ‘ತೆಲ್ಲಿಗರಯ್ವತ್ತೊಕ್ಕಲು’ ಎಂಬ ಪ್ರಯೋಗದಲ್ಲಿ ಈ ಅರ್ಥವು ಸರ್ವಥಾ ಹೊಂದದು. ಕ್ರಿ.ಶ. 12ನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಈ ಹೆಸರಿನಿಂದ ಬರುವವರು ಗಾಣಗಳನ್ನಿಟ್ಟು ಎಣ್ಣೆ ತೆಗೆಯುತ್ತಿದ್ದ, ದೇವಾಲಯಗಳಿಗೆ ಒಟ್ಟಾಗಿ ದತ್ತಿ ಬಿಡುತ್ತಿದ್ದ ಸಂಘದವರು. ಇಲ್ಲಿ ಒಕ್ಕಲೆಂದರೆ ಮನೆತನ. ಆದುದರಿಂದ ಸಂಘದೊಳಗೆ ಎಣಿಕೆಗೆ ಬರುತ್ತಿದ್ದುದು ಒಬ್ಬೊಬ್ಬ ಆಳಲ್ಲ, ಒಂದೊಂದು ಮನೆಯೆಂದು ತಿಳಿಯಬೇಕು.

ತೆಲ್ಲಿಗ ಶಬ್ದವು ಸಂಸ್ಕೃತದ ತೈಲಿಕದ ತದ್ಭವ. ತಿಲದಿಂದಾದುದು ತೈಲ; ಎಳ್ಳಿನ ನೆಯ್ ಎಣ್ಣೆ. ಎರಡು ಭಾಷೆಗಳೂ ಎಳ್ಳನ್ನೇ ಮೂಲವಾಗಿ ಹಿಡಿದು, ಅನಂತರ ಬೇರೆ ಬೀಜಗಳ ರಸಕ್ಕೂ ಅದೇ ಹೆಸರನ್ನು ಹಬ್ಬಿಸಿರುವುದು ವಿನೋದಕರವಾಗಿದೆ.

ಅಯ್ವತ್ತೆಂಬುದು ತಲೆಯೆಣಿಕೆಯೋ ಬಿರುದೋ? ಅಯ್ಯಾವೊಳೆಯ ಅಯ್ನೂರ್ವರು ಎಲ್ಲೆಡೆಯೂ ಅಯ್ನೂರ್ವರಾಗಿಯೇ ಇರುವಂತೆ ಇದೂ ರೂಢನಾಮವೆನ್ನುವುದು ಯುಕ್ತ. ಮನೆಗಳು ಹೆಚ್ಚಿದರೂ ಕುಗ್ಗಿದರೂ ಸಂಘದ ಹೆಸರು ಬದಲಾಗಬೇಕಾಗಿಲ್ಲ. ಆದರೆ ದತ್ತಿಯ ಲೆಕ್ಕಕ್ಕೆ ಬಂದಾಗ ಈ ಸಡಿಲಿಕೆಯಿಲ್ಲ. ನಂದಾದೀವಿಗೆಗೆ ಗಾಣಕ್ಕೊಂದು ಸೊಲ್ಲಗೆ ಎಣ್ಣೆಯೆಂಬ ಬಗೆಯ ಕಟ್ಟಳೆಗಳು ಹಲವೆಡೆ ಕಾಣುತ್ತವೆ. ಹೆಸರು ಮನೆಯದು, ಹೊಣೆ ಗಾಣದ್ದು.

ಈ ಹೊಣೆಯನ್ನು ಮೀರಿದವನ ಗತಿಯೇನು? ಇದಕ್ಕೆ ದೂರ ಹೋಗಬೇಕಾಗಿಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯ ಸಂವಿದ್ವ್ಯತಿಕ್ರಮ ಪ್ರಕರಣವು ಇಂಥ ಸಂಘಗಳನ್ನೇ ಕುರಿತದ್ದು. ಒಂದೇ ಸರಕಿನಿಂದ ಇಲ್ಲವೆ ಒಂದೇ ಕಸುಬಿನಿಂದ ಜೀವಿಸುವವರ ಕೂಟ ಶ್ರೇಣಿ. ಸಮೂಹದ ದ್ರವ್ಯವನ್ನು ಅಪಹರಿಸಿದವನಿಗೂ ಒಡಂಬಡಿಕೆಯನ್ನು ಮೀರಿದವನಿಗೂ ಸರ್ವಸ್ವಹರಣ, ದೇಶದಿಂದ ಉಚ್ಚಾಟನೆ. ಸಮೂಹದ ಕೆಲಸಕ್ಕೆ ಹೋಗಿ ಪಡೆದುದನ್ನು ತಾನಾಗಿ ಒಪ್ಪಿಸದವನು ಅದರ ಹನ್ನೊಂದರಷ್ಟನ್ನು ತೆರಬೇಕು. ಕಾರ್ಯಚಿಂತಕರಾದವರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕು. ಇಷ್ಟಾಗಿಯೂ ಅರಸನು ಶ್ರೇಣಿಯ ಕಟ್ಟಳೆಯನ್ನು ತಾನು ಮಾಡಿಕೊಡುವವನಲ್ಲ; ಅವರವರ ಪೂರ್ವದ ನಡಾವಳಿಯನ್ನು ಕಾಯುವವನು ಮಾತ್ರ.

ದಾನಿಗಳು ಶ್ರೇಣಿಯನ್ನು ನಂಬಿದುದಕ್ಕೆ ಕಾರಣವನ್ನು ಸ್ಕಂದಗುಪ್ತನ ಕಾಲದ ಇಂದೋರ್ ತಾಮ್ರಪಟವು (ಕ್ರಿ.ಶ. 465) ಬಾಯ್ಬಿಟ್ಟು ಹೇಳುತ್ತದೆ. ಇದು ಮಾಳವದ ಇಂದೋರಲ್ಲ, ಉತ್ತರಪ್ರದೇಶದ ಬುಲಂದಶಹರ ಜಿಲ್ಲೆಯದು. ದೇವವಿಷ್ಣುವೆಂಬ ಬ್ರಾಹ್ಮಣನು ಸೂರ್ಯದೇವಾಲಯದ ದೀಪಕ್ಕಾಗಿ ಜೀವಂತನೆಂಬುವನು ಮುಖ್ಯನಾಗಿದ್ದ ತೈಲಿಕಶ್ರೇಣಿಯಲ್ಲಿ ದತ್ತಿಯಿಟ್ಟನು. ಶ್ರೇಣಿಯು ಆ ಊರನ್ನು ಬಿಟ್ಟುಹೋದರೂ ಒಗ್ಗಟ್ಟಿನಿಂದಿರುವವರೆಗೆ ಎಣ್ಣೆಯನ್ನು ಕೊಡತಕ್ಕುದು ಎಂಬುದು ನಿಬಂಧನೆ. ಗಾಣಿಗನು ಸಾಯುವನು, ಶ್ರೇಣಿ ಸಾಯದು. ಭೂದಾನಕ್ಕೆ ಈ ಚಲನೆಯಿಲ್ಲ. ಈಗಿನ ಬಿ.ಟಿ.ಎಂ. ಬಡಾವಣೆಯ ಮಗ್ಗುಲಿನ ಮಡಿವಾಳದ ಸೋಮೇಶ್ವರಾಲಯದಲ್ಲಿ 1247ರ ತಮಿಳು ಶಾಸನವು ವೆಂಗಳೂರಿನ ದೊಡ್ಡ ಕೆರೆಯ ಕೆಳಗಣ ಭೂಮಿಯನ್ನು ಹೆಸರಿಸುತ್ತದೆ. ಅಂಥ ದತ್ತಿ ಕೆರೆಯಿರುವಲ್ಲಿಯೇ ನಿಲ್ಲಬೇಕು, ಕೆರೆ ಒಣಗಿದರೆ ಅದೂ ಒಣಗಬೇಕು.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಗಾಣಿಗರಪೇಟೆ ಇಂದಿಗೂ ಉಂಟು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕನನ್ನನು ಎಣ್ಣೆಯ ಕಸುಬಿನವರನ್ನು ಜ್ಯೋತಿಪಣ, ಜ್ಯೋತಿನಗರದವರು ಎಂಬ ಹೆಸರುಗಳಿಂದ ಉಲ್ಲೇಖಿಸುವನು. ಗಾಣಕ್ಕೆ ಜೋಡಿ ಎತ್ತು ಹೂಡುವವರು ಹೆಗ್ಗಾಣಿಗರು, ಒಂದನ್ನೇ ಹೂಡುವವರು ಒಂಟೆತ್ತು ಗಾಣಿಗರು. ಶಾಸನಗಳಲ್ಲಿ ತೆರಿಗೆ-ದತ್ತಿಗಳ ಅಳತೆಯಾಗಿದ್ದ ಗಾಣವೇ ಇಲ್ಲಿ ಪಂಗಡದ ಹೆಸರಾಯಿತು. ಈಗ ಜಯನಗರ, ಜೆ.ಪಿ. ನಗರಗಳ ಬೀದಿಗಳಲ್ಲಿ ‘ಮರದ ಗಾಣದ ಎಣ್ಣೆ’ ಎಂಬ ಫಲಕಗಳು ಪುನಃ ಕಾಣಿಸಿಕೊಂಡಿವೆ. ಅಲ್ಲಿ ಗಾಣವನ್ನು ತಿರುಗಿಸುವುದು ಬಹುಮಟ್ಟಿಗೆ ವಿದ್ಯುತ್ತು.