ಐವತ್ತೊಂಬತ್ತಕ್ಕಿಂತ ಅರವತ್ತು ಲೇಸು

1960ರ ದಶಕದ ಅಮೆರಿಕದಲ್ಲಿ ಕಾಲೇಜು ಮುಗಿಯಿತೆಂದರೆ ಈಜುಗಾರರ ಸ್ಪರ್ಧಾಜೀವನವೂ ಬಹುಪಾಲು ಮುಗಿದಂತೆ. ಆಮೇಲೆ ಕೊಳಕ್ಕಿಳಿದರೆ ಅದು ಮಕ್ಕಳನ್ನು ಆಡಿಸುವುದಕ್ಕೆ. ಈ ರೂಢಿಯನ್ನು ಮುರಿದವರು ಕ್ರೀಡಾಧಿಕಾರಿಯಲ್ಲ, ನೌಕಾಪಡೆಯ ವೈದ್ಯ ಕ್ಯಾಪ್ಟನ್ ರ್‍ಯಾನ್ಸಮ್ ಆರ್ಥರ್.

ವ್ಯಾಯಾಮ ಮಾಡಿ ಎನ್ನುವುದು ವೈದ್ಯರಿಗೆ ಸುಲಭ, ಕೇಳಿದವರು ವಾರದೊಳಗೆ ಮರೆಯುವುದು ಇನ್ನೂ ಸುಲಭ. ಮುಂದೊಂದು ಸ್ಪರ್ಧೆಯ ದಿನ ಗೊತ್ತಾಗಿದ್ದರೆ ಮಾತ್ರ ಜನ ಹಾಸಿಗೆ ಬಿಟ್ಟು ಏಳುತ್ತಾರೆ ಎಂಬುದು ಆರ್ಥರ್ ಲೆಕ್ಕಾಚಾರ. ಇಂಥ ಸ್ಪರ್ಧೆಗೆ ಅವರು ಅಮೆರಿಕದ ಈಜು ತರಬೇತುದಾರರ ಸಂಘದ ಜಾನ್ ಸ್ಪ್ಯಾನತ್ ಅವರನ್ನು ಒಪ್ಪಿಸಿದರು. 1970ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಅಮರಿಲೊದಲ್ಲಿ ಮೊದಲ ರಾಷ್ಟ್ರೀಯ ಮಾಸ್ಟರ್ಸ್, ಅಂದರೆ ವಯಸ್ಕರ, ಈಜು ಸ್ಪರ್ಧೆ ನಡೆಯಿತು. ಬಂದವರು 46 ಮಂದಿ. ಷರತ್ತು, 25 ತುಂಬಿರಬೇಕು. ನಗಬೇಡಿ, ಆ ಕಾಲದ ಕೊಳದಲ್ಲಿ 25 ಎಂದರೆ ಹಿರಿಯರೇ.

ಇಂದು ಅಮೆರಿಕದ ಮಾಸ್ಟರ್ಸ್ ಈಜು ಸಂಘಟನೆಯಲ್ಲಿ ಹತ್ತಾರು ಸಾವಿರ ಸದಸ್ಯರಿದ್ದಾರೆ. ಅದರ ಅತ್ಯುನ್ನತ ಪ್ರಶಸ್ತಿಗೆ ಆರ್ಥರ್ ಹೆಸರಿದೆ. 1986ರಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪೂ ಆಯಿತು. ಅದೇ ಜಪಾನಿನ ಮಿಯೆಕೊ ನಾಗಾವೊಕಾ ಮೊಣಕಾಲು ನೋವಿಗೆಂದು ಎಂಬತ್ತರ ಹೊತ್ತಿಗೆ ನೀರಿಗಿಳಿದವರು. 2015ರಲ್ಲಿ, ನೂರರ ಪ್ರಾಯದಲ್ಲಿ, 1500 ಮೀಟರನ್ನು ಒಂದೂಕಾಲು ಗಂಟೆಯಲ್ಲಿ ಈಜಿ ಮುಗಿಸಿದರು!

ನನಗೆ ಪದಕಗಳಿಗಿಂತ ಇಲ್ಲಿನ ನಿಯಮಗಳೇ ಇಷ್ಟ. ಕಟ್ಟೆಯಿಂದ ಜಿಗಿಯಲು ಅಂಜಿಕೆಯೇ? ನೀರಿನಲ್ಲೇ ನಿಂತು ಗೋಡೆ ಒದ್ದು ಹೊರಡಿ. ಬಟರ್‌ಫ್ಲೈನಲ್ಲಿ ಸೊಂಟ ಕೈಕೊಡುತ್ತದೆಯೇ? ಬ್ರೆಸ್ಟ್‌ಸ್ಟ್ರೋಕಿನ ಹಾಗೆ ಕಾಲು ಬಡಿಯಬಹುದು. ಅಂತರರಾಷ್ಟ್ರೀಯ ನಿಯಮದಲ್ಲಿ ಐದೈದು ವರ್ಷಕ್ಕೊಂದು ಗುಂಪು, ಡಿಸೆಂಬರ್ 31ಕ್ಕೆ ತುಂಬುವ ವಯಸ್ಸೇ ಗಣನೆಗೆ. ಹಾಗಾಗಿ 59ರವರು ತಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮುದುಕರು, 60 ತುಂಬುವ ವರ್ಷ ಬಂದೊಡನೆ ಮುಂದಿನ ಗುಂಪಿನ ಎಳೆಯರು. ವಯಸ್ಸು ಏರುವ ಹೊಸ ವರ್ಷ ಯಾವಾಗ ಬಂದೀತೆಂದು ಕಾಯುವ ಅಜ್ಜಂದಿರು ಬೇರೆಲ್ಲಿ ಸಿಗುತ್ತಾರೆ?

ರಿಲೇಯಲ್ಲಂತೂ ನಾಲ್ವರ ವಯಸ್ಸನ್ನೂ ಕೂಡುತ್ತಾರೆ. 200ರಿಂದ 239ರವರೆಗೆ ಒಂದು ಗುಂಪು, 240ರಿಂದ ಇನ್ನೊಂದು. ಮೊತ್ತ 238ಕ್ಕೆ ನಿಂತರೆ ತಂಡದವರು ಹುಡುಕುವುದು ವೇಗದ ಹುಡುಗನನ್ನಲ್ಲ, ಇನ್ನೆರಡು ವರ್ಷ ಹೆಚ್ಚು ಬದುಕಿದವರನ್ನು.