ಬಣ್ಣ ಹಿಡಿಯದ ಜಾಗ ಖಾಲಿಯಲ್ಲ: ಮಿದುಳಿನ ಕೋಶಗಳ ಸುತ್ತಲಿನ ಜಾಲವನ್ನು ಕಾಣುವ ವಿಧಾನಗಳು

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಗೆ ‘ಅಂಗಾಂಶಗಳು’ ಘಟಕವನ್ನು ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ನರಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದಾಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ, “ಮಿಸ್, ಎರಡು ನರಕೋಶಗಳ ಮಧ್ಯೆ ಏನಿರುತ್ತೆ?” ಎಂದು ಕೇಳಿದಳು. “ಏನೂ ಇರೋದಿಲ್ಲ, ಅದು ಖಾಲಿ ಜಾಗ” ಎಂದು ಹೇಳಿ ಮುಂದಕ್ಕೆ ಹೋದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಖಾಲಿ ಎಂದು ನಿಮಗೆ ಹೇಗೆ ಗೊತ್ತು?’

ನನಗೆ ಗೊತ್ತಿರಲಿಲ್ಲ. ಪುಸ್ತಕದ ಚಿತ್ರದಲ್ಲಿ ಆ ಜಾಗ ಬಿಳಿಯಾಗಿತ್ತು, ಅಷ್ಟೇ. ಅದೇ ಘಟಕದಲ್ಲಿ ಮೃದ್ವಸ್ಥಿಯ ಕೋಶಗಳ ಸುತ್ತ ಮಾತೃಕೆ ಇದೆ ಎಂದು ಎರಡು ದಿನ ಹಿಂದೆ ನಾನೇ ಪಾಠ ಮಾಡಿದ್ದೆ. ಮಿದುಳಿಗೆ ಬಂದಾಗ ಅದನ್ನು ಮರೆತಿದ್ದೆ. ಆ ವಾರ ಓದಿ ತಿಳಿದುಕೊಂಡದ್ದನ್ನೂ ಅದನ್ನು ತರಗತಿಗೆ ಒಯ್ದ ಬಗೆಯನ್ನೂ ಇಲ್ಲಿ ಬರೆದಿದ್ದೇನೆ.

ಅಲ್ಲಿ ಏನಿದೆ?

ಮಿದುಳಿನ ಗಾತ್ರದಲ್ಲಿ ಸುಮಾರು ಐದನೆಯ ಒಂದು ಭಾಗ ಕೋಶಗಳ ಹೊರಗಿನ ಜಾಗ. ಅದರಲ್ಲಿ ದ್ರವವಿದೆ, ಜೊತೆಗೆ ಸಕ್ಕರೆ ಸರಪಳಿಗಳು ಮತ್ತು ಪ್ರೋಟೀನುಗಳಿಂದಾದ ಮಾತೃಕೆಯೂ ಇದೆ. ಕೆಲವು ನರಕೋಶಗಳ ಸುತ್ತ ಈ ಮಾತೃಕೆ ದಟ್ಟವಾಗಿ ಸೇರಿ ಬಲೆಯ ಹಾಗೆ ಕೋಶವನ್ನು ಸುತ್ತಿಕೊಂಡಿರುತ್ತದೆ. ಇದಕ್ಕೆ ಪೆರಿನ್ಯೂರೋನಲ್ ನೆಟ್ ಎಂದು ಹೆಸರು. ನಾವು ಕೋಶಜಾಲ ಎನ್ನೋಣ. ಹಯಲುರಾನ್ ಎಂಬ ಉದ್ದನೆಯ ಸಕ್ಕರೆ ಸರಪಳಿ ಇದರ ಬೆನ್ನೆಲುಬು. ಅದಕ್ಕೆ ಅಗ್ರಿಕಾನ್‌ನಂಥ ಅಣುಗಳು ಜೋಡಿಕೊಂಡಿರುತ್ತವೆ. ಅಗ್ರಿಕಾನ್‌ನ ಪ್ರೋಟೀನ್ ಭಾಗದಿಂದ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳು ಬ್ರಷ್ಷಿನ ಕೂದಲಿನಂತೆ ಹೊರಚಾಚಿರುತ್ತವೆ. ಮೃದ್ವಸ್ಥಿಯ ಮಾತೃಕೆಯ ಮುಖ್ಯ ಅಣುಗಳಲ್ಲಿ ಇದೇ ಅಗ್ರಿಕಾನ್ ಕೂಡ ಒಂದು. ಹಾಗಾಗಿ ಮೃದ್ವಸ್ಥಿಯ ಪಾಠದಿಂದ ನೇರವಾಗಿ ಮಿದುಳಿಗೆ ಬರಬಹುದು.

ಒಬ್ಬರು ಕಂಡರು, ಒಬ್ಬರು ಒಪ್ಪಲಿಲ್ಲ

ಇಟಲಿಯ ಕ್ಯಾಮಿಲೊ ಗಾಲ್ಜಿ 1873ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ನರಕೋಶಗಳನ್ನು ಕಪ್ಪಾಗಿಸುವ ವಿಧಾನವನ್ನು ಪ್ರಕಟಿಸಿದರು. ಈ ವಿಧಾನದಲ್ಲಿ ಎಲ್ಲ ಕೋಶಗಳೂ ಬಣ್ಣ ಹಿಡಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಪೂರ್ತಿ ಕಪ್ಪಾಗುತ್ತದೆ. ಒಂದು ಕೋಶದ ಆಕಾರ ಸ್ಪಷ್ಟವಾಗಿ ಕಂಡದ್ದು ಅದರಿಂದಲೇ. ಆದರೆ ಕಪ್ಪಾಗದ ಜಾಗದಲ್ಲಿ ಏನೂ ಇಲ್ಲವೆಂದು ಭಾವಿಸಿದರೆ ನಾನು ಮಾಡಿದ ತಪ್ಪೇ ಆಗುತ್ತದೆ.

1898ರಲ್ಲಿ ಗಾಲ್ಜಿಯವರೇ ಕೆಲವು ನರಕೋಶಗಳ ಮೈಮೇಲೆ ಬಲೆಯಂಥ ಹೊದಿಕೆಯನ್ನು ವರ್ಣಿಸಿದರು. ಸ್ಪೇನಿನ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್ ಇದನ್ನು ಒಪ್ಪಲಿಲ್ಲ. ಅಂಗಾಂಶವನ್ನು ರಾಸಾಯನಿಕದಲ್ಲಿ ಹಾಕಿದಾಗ ಕೋಶದ ಹೊರಗಿನ ದ್ರವ ಹೆಪ್ಪುಗಟ್ಟಿ ಹಾಗೆ ಕಾಣುತ್ತದೆ ಎಂಬುದು ಅವರ ವಾದ. 1906ರ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು, ಆದರೆ ಅಭಿಪ್ರಾಯಗಳನ್ನಲ್ಲ. ಕೋಶಜಾಲದ ವಿಷಯ ಬಹುಕಾಲ ಹಿಂದೆ ಬಿತ್ತು. ಕಹಾಲರ ಅನುಮಾನ ಅಸಂಬದ್ಧವಾಗಿರಲಿಲ್ಲ. ಬಣ್ಣ ಹಾಕುವ ಕ್ರಿಯೆಯೇ ಇಲ್ಲದ ಆಕೃತಿಯನ್ನು ಸೃಷ್ಟಿಸಬಲ್ಲದು. ಇದಕ್ಕೆ ಉತ್ತರ ಸಿಕ್ಕಿದ್ದು, ಬಣ್ಣ ಯಾವ ಅಣುವಿಗೆ ಅಂಟುತ್ತದೆ ಎಂದು ಖಚಿತವಾಗಿ ಹೇಳಬಲ್ಲ ವಿಧಾನಗಳು ಬಂದ ಮೇಲೆ.

ಅಂಟಿಕೊಳ್ಳುವ ಮೂರು ಬಗೆ

ಮೊದಲನೆಯದು ವಿದ್ಯುದಂಶದ ಆಕರ್ಷಣೆ. ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಗಳಲ್ಲಿ ಋಣ ವಿದ್ಯುದಂಶ ತುಂಬಿರುತ್ತದೆ. ಆಲ್ಶಿಯನ್ ಬ್ಲೂ ಎಂಬ ಬಣ್ಣ ಧನ ವಿದ್ಯುದಂಶ ಉಳ್ಳದ್ದು, ಆದ್ದರಿಂದ ಅಂಟುತ್ತದೆ. ಭ್ರೂಣದ ಮೃದ್ವಸ್ಥಿಯನ್ನು ನೀಲಿಯಾಗಿಸುವುದೂ ಇದೇ ಬಣ್ಣ. ವಿಧಾನ ಸರಳ, ಆದರೆ ಋಣ ವಿದ್ಯುದಂಶವಿರುವ ಬೇರೆ ಅಣುಗಳೂ ಬಣ್ಣ ಹಿಡಿಯಬಹುದು.

ಎರಡನೆಯದು ಲೆಕ್ಟಿನ್. ನಿರ್ದಿಷ್ಟ ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನಿಗೆ ಲೆಕ್ಟಿನ್ ಎಂದು ಹೆಸರು. ದ್ವಿದಳ ಸಸ್ಯಗಳ ಬೀಜಗಳಲ್ಲಿ ಇವು ಹೇರಳ. ಜಪಾನಿನ ವಿಸ್ಟೀರಿಯಾ ಬಳ್ಳಿಯ ಬೀಜದ ಲೆಕ್ಟಿನ್, ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಕೋಶಜಾಲದಲ್ಲಿ ಈ ಸಕ್ಕರೆ ಇರುವುದರಿಂದ ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನ ಇದೇ. ನಮ್ಮ ಹುರುಳಿಕಾಳಿನ ಲೆಕ್ಟಿನ್ ಹಿಡಿಯುವುದೂ ಇದೇ ಸಕ್ಕರೆಯನ್ನು. ‘ಎ’ ರಕ್ತಗುಂಪಿನ ಕೆಂಪು ರಕ್ತಕಣಗಳ ಮೇಲೆ ಈ ಸಕ್ಕರೆ ಇದೆ; ಹಾಗಾಗಿ ಆ ಗುಂಪಿನ ಎ1 ಉಪವಿಧವನ್ನು ಬೇರ್ಪಡಿಸಿ ಗುರುತಿಸಲು ರಕ್ತನಿಧಿಗಳಲ್ಲಿ ಹುರುಳಿಯ ಲೆಕ್ಟಿನ್ ಬಳಸುತ್ತಾರೆ. ಹುರುಳಿಸಾರು ಉಂಡು ಬಂದ ಮಕ್ಕಳಿಗೆ ಲೆಕ್ಟಿನ್ ಎಂದರೇನೆಂದು ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಲೆಕ್ಟಿನ್ ವಿಧಾನದ ಹಂತಗಳು ಹೀಗಿವೆ. ಇಲಿಯ ಮಿದುಳನ್ನು ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿಗೊಳಿಸಿ, ಸುಮಾರು 40 ಮೈಕ್ರೋಮೀಟರ್ ದಪ್ಪದ ಹಾಳೆಗಳಾಗಿ ಕತ್ತರಿಸುತ್ತಾರೆ. ಲೆಕ್ಟಿನ್ ಸಿಕ್ಕಲ್ಲೆಲ್ಲ ಅಂಟದಂತೆ ಮೊದಲು ಬೇರೊಂದು ಪ್ರೋಟೀನ್ ದ್ರಾವಣದಲ್ಲಿ ನೆನೆಸುತ್ತಾರೆ. ಬಯೋಟಿನ್ ಜೋಡಿಸಿದ ಲೆಕ್ಟಿನ್‌ನಲ್ಲಿ ರಾತ್ರಿಯಿಡೀ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ತೊಳೆದ ಮೇಲೆ, ಬಯೋಟಿನ್ನನ್ನು ಬಲವಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್‌ಗೆ ಪ್ರತಿದೀಪ್ತಿ ಬಣ್ಣ ಸೇರಿಸಿ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಬಲೆಗಳು ಕಾಣುತ್ತವೆ. ಮಿದುಳಿನ ಹೊರಪದರದಲ್ಲಿ ಈ ಬಲೆಗಳು ಹೆಚ್ಚಾಗಿ ಪಾರ್ವಾಲ್ಬುಮಿನ್ ಪ್ರೋಟೀನ್ ಇರುವ, ಇತರ ಕೋಶಗಳ ಚಟುವಟಿಕೆಯನ್ನು ತಗ್ಗಿಸುವ ನರಕೋಶಗಳ ಸುತ್ತ ಇರುತ್ತವೆ.

ಮೂರನೆಯದು ಪ್ರತಿಕಾಯ. ಲೆಕ್ಟಿನ್ ಸಕ್ಕರೆಯನ್ನು ಗುರುತಿಸಿದರೆ, ಅಗ್ರಿಕಾನ್ ವಿರುದ್ಧದ ಪ್ರತಿಕಾಯ ಆ ಪ್ರೋಟೀನನ್ನೇ ಗುರುತಿಸಬಲ್ಲದು. ವಿಸ್ಟೀರಿಯಾ ಲೆಕ್ಟಿನ್‌ಗೆ ಹೊಳೆಯದ ಕೆಲವು ಬಲೆಗಳು ಪ್ರತಿಕಾಯಕ್ಕೆ ಕಾಣಿಸಿವೆ. ಒಂದೇ ಬಣ್ಣವನ್ನು ನಂಬಿ ‘ಇಲ್ಲಿ ಜಾಲವಿಲ್ಲ’ ಎಂದು ಬರೆಯುವಂತಿಲ್ಲ.

ಪರೀಕ್ಷೆಯ ಪರೀಕ್ಷೆ

ಕಾಣುತ್ತಿರುವುದು ನಿಜವಾಗಿಯೂ ಆ ಸಕ್ಕರೆಯೇ ಎಂದು ತಿಳಿಯುವುದು ಹೇಗೆ? ಕಾಂಡ್ರಾಯ್ಟಿನೇಸ್ ಎಬಿಸಿ ಎಂಬ ಕಿಣ್ವ ಕಾಂಡ್ರಾಯ್ಟಿನ್ ಸಲ್ಫೇಟನ್ನು ತುಂಡರಿಸುತ್ತದೆ. ಇನ್ನೊಂದು ಹಾಳೆಗೆ ಮೊದಲು ಈ ಕಿಣ್ವ ಹಾಕಿ, ಆಮೇಲೆ ಲೆಕ್ಟಿನ್ ಹಾಕಿದರೆ ಹೊಳಪು ಹೋಗಬೇಕು. ಕಹಾಲರ ಅನುಮಾನಕ್ಕೆ ಇಂಥ ಪ್ರಯೋಗಗಳೇ ಉತ್ತರ. ಇದೇ ಕಿಣ್ವವನ್ನು 2002ರಲ್ಲಿ ಸಂಶೋಧಕರು ವಯಸ್ಕ ಇಲಿಗಳ ದೃಷ್ಟಿ ಭಾಗಕ್ಕೆ ಕೊಟ್ಟರು. ಒಂದು ಕಣ್ಣನ್ನು ಮುಚ್ಚಿದಾಗ ಮರಿಗಳ ಮಿದುಳಿನಲ್ಲಿ ಮಾತ್ರ ಆಗುವಂಥ ಬದಲಾವಣೆ ವಯಸ್ಕ ಇಲಿಗಳಲ್ಲೂ ಆಯಿತು. ನಾನು ಖಾಲಿ ಎಂದ ಜಾಗದಲ್ಲಿರುವ ವಸ್ತು, ಮಿದುಳು ಬೆಳೆದ ಮೇಲೆ ಎಷ್ಟು ಬದಲಾಗಬಲ್ಲದು ಎಂಬುದನ್ನು ನಿಯಂತ್ರಿಸುವುದರಲ್ಲಿ ಪಾಲು ಹೊಂದಿದೆ.

ತರಗತಿಯಲ್ಲಿ

ಲೆಕ್ಟಿನ್ ನಮ್ಮ ಶಾಲಾ ಪ್ರಯೋಗಾಲಯಕ್ಕೆ ಬರುವುದಿಲ್ಲ, ಆದರೆ ಇದೇ ತರ್ಕವನ್ನು ಅಯೋಡಿನ್‌ನಿಂದ ತೋರಿಸಬಹುದು. ಮುಂದಿನ ಅವಧಿಯಲ್ಲಿ ಮೊದಲು, “ನಾನು ಹೇಳಿದ ಉತ್ತರ ತಪ್ಪು” ಎಂದು ಹೇಳಿದೆ. ಬಳಿಕ ಆಲೂಗಡ್ಡೆಯ ತೆಳು ಚೂರಿಗೂ ಈರುಳ್ಳಿ ಸಿಪ್ಪೆಗೂ ಅಯೋಡಿನ್ ಹಾಕಿದೆವು. ಆಲೂಗಡ್ಡೆ ಕಡುನೀಲಿಯಾಯಿತು, ಈರುಳ್ಳಿ ಆಗಲಿಲ್ಲ. ಈರುಳ್ಳಿಯಲ್ಲಿ ಕೋಶಗಳಿಲ್ಲವೆಂದು ಯಾರೂ ಹೇಳಲಿಲ್ಲ, ಪಿಷ್ಟವಿಲ್ಲ ಎಂದರು. ಆಮೇಲೆ ಎರಡು ಪ್ರನಾಳಗಳಲ್ಲಿ ಅನ್ನದ ಗಂಜಿ ತೆಗೆದುಕೊಂಡು ಒಂದಕ್ಕೆ ಜೊಲ್ಲು, ಇನ್ನೊಂದಕ್ಕೆ ಅಷ್ಟೇ ನೀರು ಸೇರಿಸಿದೆವು. ಐದು ನಿಮಿಷಕ್ಕೆ ಅಯೋಡಿನ್ ಹಾಕಿದಾಗ ಎರಡೂ ನೀಲಿಯಾದವು. ಗಂಜಿ ಗಟ್ಟಿಯಾಗಿತ್ತು. ತೆಳು ಮಾಡಿ ಇಪ್ಪತ್ತು ನಿಮಿಷ ಬಿಟ್ಟಾಗ ಜೊಲ್ಲಿನ ಪ್ರನಾಳದಲ್ಲಿ ನೀಲಿ ಬರಲಿಲ್ಲ. ಜೊಲ್ಲಿನ ಕಿಣ್ವ ಪಿಷ್ಟಕ್ಕೆ ಮಾಡುವುದನ್ನೇ ಕಾಂಡ್ರಾಯ್ಟಿನೇಸ್ ಕೋಶಜಾಲಕ್ಕೆ ಮಾಡುತ್ತದೆ ಎಂದಾಗ ಮಕ್ಕಳಿಗೆ ವಿವರಣೆ ಹೆಚ್ಚು ಬೇಕಾಗಲಿಲ್ಲ.

ಈಗ ಬಣ್ಣ ಹಾಕಿದ ಯಾವ ಸ್ಲೈಡ್ ಅಥವಾ ಚಿತ್ರ ತೋರಿಸಿದರೂ ಮೂರು ಪ್ರಶ್ನೆಗಳನ್ನು ಪಾಠಯೋಜನೆಯಲ್ಲಿ ಬರೆದುಕೊಳ್ಳುತ್ತೇನೆ. ಈ ಬಣ್ಣ ಯಾವುದಕ್ಕೆ ಅಂಟುತ್ತದೆ? ಯಾವುದನ್ನು ಬಿಟ್ಟುಬಿಡುತ್ತದೆ? ಅಂಟಿದ್ದು ಅದೇ ಎಂದು ಹೇಗೆ ಖಚಿತಪಡಿಸಿಕೊಂಡರು? ಇದಕ್ಕೆ ಒಂದು ಅವಧಿ ಹೆಚ್ಚು ಹೋಯಿತು, ಘಟಕ ನಿಗದಿತ ದಿನಕ್ಕೆ ಮುಗಿಯಲಿಲ್ಲ. ಪಾಠದ ಕೊನೆಯಲ್ಲಿ ಅದೇ ಹುಡುಗಿ ಎದ್ದು, “ಹಾಗಾದ್ರೆ ಮಿಸ್, ನಾವು ಸಫ್ರನಿನ್ ಹಾಕಿ ನೋಡಿದ ಈರುಳ್ಳಿ ಸಿಪ್ಪೆಯಲ್ಲಿ ಕಾಣದೆ ಉಳಿದಿದ್ದು ಏನೇನು?” ಎಂದಳು. ಉತ್ತರವನ್ನು ಈ ಸಲ ಅವಸರದಲ್ಲಿ ಹೇಳಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು, ಮರುದಿನ ಎಲ್ಲರೂ ಹುಡುಕಿ ಬರುವುದೆಂದು ಮಾಡಿಕೊಂಡೆವು.